ಎರಡನೇ ಸಲ ಕರೆಯದ ದೋಣಿ

ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದಷ್ಟು ಕಾಲವೂ ಸೈಮಿ ಬಟ್ಟಲುಗಳ ಮೇಲೆ ಬಣ್ಣದ ಕೊಕ್ಕಿನ ಪಫಿನ್ ಎಂಬ ಕಡಲಹಕ್ಕಿಯನ್ನು ಚಿತ್ರಿಸಿದಳು. ಜೀವಂತ ಪಫಿನ್ ಒಂದನ್ನೂ ನೋಡಿರಲಿಲ್ಲ. ಅದು ಫಿನ್ಲೆಂಡಿನಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ನೋಡಬೇಕಾದರೆ ನಾರ್ವೆಯ ಕಡಲತೀರಕ್ಕೇ ಹೋಗಬೇಕು. ಮುಂದಿನ ಬೇಸಿಗೆಯ ಹೊತ್ತಿಗೆ ಎದುರಿಗಿರುವವರ ಮುಖವೂ ಅವಳಿಗೆ ಕಾಣಲಾರದೆಂದು ಕಣ್ಣಿನ ವೈದ್ಯರು ತಿಳಿಸಿದ ಮೇಲೆ, ಆಕೆಯ ಗಂಡ, ನಿವೃತ್ತ ಭೂಮಾಪಕ ಐಮೋ, ಹಳೆಯ ಕಾರಿಗೆ ಹೊಸ ಟೈರುಗಳನ್ನು ಹಾಕಿಸಿದ.

ಉತ್ತರದ ದಾರಿ ಮೊದಮೊದಲು ಸೊಗಸಾಗಿಯೇ ಇತ್ತು. ಲ್ಯಾಪ್‌ಲೆಂಡಿನಲ್ಲಿ ಹಿಮಸಾರಂಗಗಳ ಹಿಂಡು ರಸ್ತೆಗೆ ಅಡ್ಡ ನಿಂತಾಗ ಐಮೋ ಹಾರನ್ ಒತ್ತಿಯೇ ಒತ್ತಿದ.

"ಸಾಕು ಮಾಡೋ ಮುದುಕಾ, ಅವೇನು ನಿನ್ನ ಕಚೇರಿ ಗುಮಾಸ್ತರಾ, ಹೆದರಿ ಓಡೋಕೆ?" ಎಂದು ಸೈಮಿ ನಕ್ಕಳು. ರೈ ಧಾನ್ಯದ ರೊಟ್ಟಿಯ ಮೇಲೆ ಹೊಗೆಯಾಡಿಸಿದ ಮೀನಿಟ್ಟುಕೊಂಡು ಸರೋವರದ ದಂಡೆಯಲ್ಲಿ ಕುಳಿತು ತಿಂದರು.

ಗಡಿ ದಾಟಿದ್ದೇ ಮಳೆ ಹಿಡಿಯಿತು. ಪ್ರವಾಸಿ ದೋಣಿಯವರು ಗಾಳಿಯ ನೆಪ ಹೇಳಿ ದಿನವೂ ಟಿಕೆಟನ್ನು ಮುಂದೂಡಿದರು. ಆಗಸ್ಟ್ ನಡುವಿನವರೆಗೂ ಪಫಿನ್ ತೋರಿಸುತ್ತೇವೆಂದು ಅವರ ಫಲಕ ಸಾರುತ್ತಿತ್ತು. ಅಲ್ಲಿಯ ಹಕ್ಕಿಗಳು ಆ ತಿಂಗಳ ಆರಂಭದಲ್ಲೇ ಬಂಡೆ ಬಿಟ್ಟು ನಡುಗಡಲಿಗೆ ಹೋಗುತ್ತವೆಂಬುದು ತೀರದ ಮಕ್ಕಳಿಗೂ ಗೊತ್ತು. ಬರಿಬಂಡೆಗೆ ಟಿಕೆಟ್ ಮಾರುವುದನ್ನು ವ್ಯಾಪಾರ ಎನ್ನುವುದಾದರೆ ಮೋಸ ಎನ್ನುವುದು ಯಾವುದನ್ನು?

ಜುಲೈ ಮುಗಿಯುವ ಒಂದು ಬೆಳಿಗ್ಗೆ ಗಾಳಿ ತಗ್ಗಿತು. ಅವರಿಗೆ ಗುಡಿಸಲು ಬಾಡಿಗೆಗೆ ಕೊಟ್ಟಿದ್ದ ಮೀನುಗಾರ ಇಂಗ್ವಾಲ್ಡ್, ಮೀನು ಕಾರ್ಖಾನೆಯ ಫಿನ್ನಿಷ್ ಹೆಂಗಸರಿಂದ ಕಲಿತ ಭಾಷೆಯಲ್ಲಿ ಐಮೋನನ್ನು ಕರೆದ.

"ಹಕ್ಕಿಗಳ ದ್ವೀಪದ ಹಿಂದುಗಡೆ ಬಲೆ ಎತ್ತೋಕೆ ಹೊರಟಿದ್ದೀನಪ್ಪಾ. ಹಕ್ಕಿ ಇನ್ನೂ ಇವೆ. ಇಬ್ರೂ ಬರ್ತೀರಾ?"

ಐಮೋನ ಎದೆ ಹಿಗ್ಗಿತು. "ಅಯ್ಯೋ, ಬೇಡ ಬಿಡಿ. ನಮ್ಮಿಂದ ನಿಮಗ್ಯಾಕೆ ತೊಂದರೆ!"

"ಹಾಗಾದ್ರೆ ಸರಿ," ಎಂದು ಇಂಗ್ವಾಲ್ಡ್ ಹೊರಟ.

ಐಮೋ ಬೆಳೆದ, ಫಿನ್ಲೆಂಡಿನ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮೊದಲ ಕರೆಗೇ ಕಾಫಿಗೆ ಕೂರುವವನನ್ನು ಹೊಟ್ಟೆಬಾಕನೆನ್ನುತ್ತಾರೆ. ಒಮ್ಮೆ ಬೇಡವೆನ್ನಬೇಕು, ಮತ್ತೆ ಕರೆದಾಗ ಸಂಕೋಚಪಡಬೇಕು, ಮೂರನೆಯದಕ್ಕೆ ಕುರ್ಚಿ ಎಳೆದುಕೊಳ್ಳಬೇಕು. ಇಂಗ್ವಾಲ್ಡನ ತೀರದಲ್ಲಾದರೋ ಬೇಡವೆಂದವನನ್ನು ಮತ್ತೆ ಕೇಳುವುದೇ ಅವಮರ್ಯಾದೆ. ಇದನ್ನರಿಯದ ಐಮೋ ಹೆಂಡತಿಗೆ ಕೋಟು ತೊಡಿಸಲು ಒಳಗೆ ಓಡಿದ. ಅವಳು ಒಂದು ತೋಳು ತೂರಿಸುವಷ್ಟರಲ್ಲಿ ಎಂಜಿನ್ ಸದ್ದು ಕೇಳಿತು. ಅವನು ದೋಣಿಕಟ್ಟೆಗೆ ಬಂದಾಗ ದೋಣಿ ಅಲೆತಡೆಯ ಗೋಡೆಯನ್ನು ದಾಟಿತ್ತು.

"ಹೋದನಾ? ನಮ್ಮನ್ನ ಕರೀಲಿಲ್ವಾ?" ಬಾಗಿಲಲ್ಲಿ ನಿಂತ ಸೈಮಿ ಕೇಳಿದಳು.

"ಕರೆದ. ನಾನೇ ಬೇಡ ಅಂದೆ."

"ಬೇಡ ಅಂದೆಯಾ!"

"ಇನ್ನೊಂದು ಸಲ ಕರೀತಾನೆ ಅಂದ್ಕೊಂಡೆ ಕಣೇ."

ಸೈಮಿ ತೂರಿಸಿದ್ದ ತೋಳನ್ನು ಹೊರಗೆಳೆದುಕೊಂಡಳು.

ಮರಳಿ ಬಂದ ಇಂಗ್ವಾಲ್ಡ್ ವಿಷಯ ತಿಳಿದು ಕಂಗಾಲಾದ. "ಬರ್ತೀನಿ ಅಂತ ಒಂದು ಮಾತು ಅಂದಿದ್ರೆ ಕಾಯ್ತಿದ್ದೆನಲ್ಲಪ್ಪಾ!"

"ನಾಳೆ ನಮ್ಮನ್ನ ಕರ್ಕೊಂಡು ಹೋಗ್ತೀರಾ?" ಐಮೋ ಬಾಯಿಬಿಟ್ಟು ಕೇಳಿದ. ಬದುಕಿನಲ್ಲಿ ಯಾರನ್ನೂ ಅವನು ಹಾಗೆ ಕೇಳಿದ್ದಿಲ್ಲ.

ಇಂಗ್ವಾಲ್ಡ್ ಒಪ್ಪಿದ. ಕಡಲು ಒಪ್ಪಲಿಲ್ಲ. ಮಂಜು ಕವಿದು ಕೂತಿತು. ಅದು ಕರಗಿ ದೋಣಿ ದ್ವೀಪದ ಬುಡ ಮುಟ್ಟುವಾಗ ಆಗಸ್ಟ್ ಕಾಲಿಟ್ಟಿತ್ತು. ಹಿಕ್ಕೆಯಿಂದ ಬೆಳ್ಳಗಾದ ಬಂಡೆ, ಪಫಿನ್‌ಗಳು ಗೂಡು ಮಾಡಿ ಬಿಟ್ಟುಹೋದ ಖಾಲಿ ಬಿಲಗಳು. ಪ್ರವಾಸಿ ದೋಣಿಯೂ ಜನರನ್ನು ತುಂಬಿಕೊಂಡು ಅಲ್ಲೇ ಸುತ್ತುತ್ತಿತ್ತು. ಧ್ವನಿವರ್ಧಕ ಇನ್ನೂ ಪಫಿನ್‌ಗಳ ವರ್ಣನೆಯಲ್ಲಿತ್ತು.

ನಡುದೃಷ್ಟಿ ಮಂಕಾಗಿದ್ದ ಸೈಮಿ ಕತ್ತು ವಾರೆ ಮಾಡಿ, ಕಣ್ಣಂಚಿನಿಂದ ಹುಡುಕಿದಳು. "ಅಲ್ಲೊಂದು ಕೂತಿದೆ ನೋಡು, ಅದೇ ತಾನೇ?"

ಹೌದು ಎನ್ನಬಹುದಿತ್ತು. ಎನ್ನಲು ಐಮೋ ಬಾಯಿಯನ್ನೂ ತೆರೆದ.

"ಅಲ್ಲ, ಸೈಮಿ. ಅದು ಕಡಲಕಾಗೆ."

ಅವಳು ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು ಬಂಡೆಗೆ ಬೆನ್ನು ಹಾಕಿ ಕುಳಿತಳು. "ಇನ್ನೂ ಹತ್ತಿರ ಬೇಡ ಅಂತ ಹೇಳು ಅವನಿಗೆ."

ಐಮೋ ಹೇಳಿದ. ಇಂಗ್ವಾಲ್ಡ್ ಎರಡನೇ ಸಲ ಕೇಳದೆ ದೋಣಿಯನ್ನು ತಿರುಗಿಸಿದ.