ಹೊಟ್ಟೆಯೊಳಗಿನ ಕ್ಯಾಮೆರಾಗೊಂದು ಸ್ಟಿಕ್ಕರ್

ನನ್ನ ಹೊಟ್ಟೆಯಲ್ಲಿ ಎಲ್ಲಿ ರಕ್ತ ಸೋರುತ್ತಿದೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಕೊನೆಗೆ ಡಾಕ್ಟರು ಮಾತ್ರೆಯಂಥ ಕ್ಯಾಮೆರಾ ನುಂಗಿಸಿ, ಸೊಂಟಕ್ಕೆ ರೆಕಾರ್ಡರ್ ಇರುವ ಬೆಲ್ಟು ಕಟ್ಟಿ, ಸಂಜೆವರೆಗೆ ಓಡಾಡಿಕೊಂಡಿರಿ ಅಂದರು. ನಾನು ಮಷಿನ್ ರಿಪೇರಿಗೆಂದು ಪಿಲ್ಲಗುಂಪೆಯ ಫ್ಯಾಕ್ಟರಿಯೊಂದಕ್ಕೆ ಹೋದೆ. ಒಳಗೆ ಫೋಟೊ ತೆಗೀಬಾರದು ಅಂತ ಅಲ್ಲಿನ ಗೇಟಿನಲ್ಲಿ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಸೆಕ್ಯುರಿಟಿಯ ಹಿರಿಯರು ಬೆಲ್ಟು ನೋಡಿ ಕೇಳಿದಾಗ ಇದ್ದದ್ದು ಹೇಳಿಬಿಟ್ಟೆ.

"ಏರ್‌ಪೋರ್ಟಲ್ಲೂ ಡ್ಯೂಟಿ ಮಾಡಿದೀನಿ ಕಣಪ್ಪಾ, ಇಂಥದ್ದು ನೋಡಿಲ್ಲ," ಅಂದರು. ಸ್ವಲ್ಪ ಯೋಚಿಸಿ, ರೂಲ್ಸು ರೂಲ್ಸೇ ಅಂತ ನನ್ನ ಅಂಗಿಯ ಮೇಲೆ, ಹೊಕ್ಕುಳ ಹತ್ತಿರ, ಒಂದು ಸ್ಟಿಕ್ಕರ್ ಅಂಟಿಸಿದರು. ಆಮೇಲೆ ತಮ್ಮ ಕುರ್ಚಿಯಲ್ಲೇ ಕೂರಿಸಿ, "ಖಾಲಿ ಹೊಟ್ಟೇಲಿದೀಯ, ಏನು ಕುಡೀಬೋದು?" ಅಂತ ವಿಚಾರಿಸಿ ಎಳನೀರು ತರಿಸಿದರು.

ಸಣ್ಣಕರುಳಿನ ಹುಣ್ಣು ಕ್ಯಾಮೆರಾಗೆ ಸಿಕ್ಕಿತು, ಈಗ ವಾಸಿಯಾಗಿದೆ. ಆ ಕಡೆ ಹೋದಾಗೆಲ್ಲ ಹಿರಿಯರನ್ನು ಮಾತಾಡಿಸಿಕೊಂಡು ಬರ್ತೀನಿ. ಅವರು ಅಂಟಿಸಿದ ಸ್ಟಿಕ್ಕರ್ ಕೆಲಸ ಮಾಡಲಿಲ್ಲ ಅಂತ ಮಾತ್ರ ಇನ್ನೂ ಹೇಳಿಲ್ಲ.