ಅಳತೆಗೆ ಬಿಟ್ಟ ಪ್ಯಾಂಟು

ಹರಪನಹಳ್ಳಿಯ ಕಚೇರಿಯೊಂದರಲ್ಲಿ ಕ್ಲರ್ಕ್ ಆಗಿರುವ ಶಿವಗಂಗಾ ದಿನಾ ಬೆಳಿಗ್ಗೆ ವ್ಯಾಯಾಮಕ್ಕೆ ತೆಲಿಗಿ ಊರಿನವರೆಗೆ ಸೈಕಲ್ ತುಳಿದು ಬರುತ್ತಾಳೆ, ಒಬ್ಬಳೇ. ಅದಕ್ಕೆಂದು ಆನ್‌ಲೈನಿನಲ್ಲಿ ತರಿಸಿದ ಪ್ಯಾಂಟುಗಳು ಮೂರು ಸಲವೂ ವಾಪಸ್ ಹೋದವು. ಸೊಂಟಕ್ಕೆ ಸರಿಯಾದದ್ದು ತೊಡೆಗೆ ಏರದು. ತೊಡೆಗೆ ಏರಿದ್ದು ಸೊಂಟದಲ್ಲಿ ನಿಲ್ಲದು. ಯಾವ ಊರಿನ ಹೆಂಗಸಿನ ಮೈ ನೋಡಿ ಹೊಲಿಯುತ್ತಾರೋ ಇವರು!

ಕೊನೆಗೆ ಟೈಲರ್ ನಾಗಲಿಂಗಮ್ಮನ ಅಂಗಡಿಗೆ ಹೋದಳು. ಆಕೆ ವಾಡಿಕೆಯಂತೆ ಕೈ ಚಾಚಿದಳು: "ಅಳತಿ ಬಟ್ಟಿ ಕೊಡ್ರಿ." ಮೈಗೆ ಸರಿಯಾಗಿ ಕೂತ ಹಳೆಯದನ್ನು ಮುಂದಿಟ್ಟುಕೊಂಡೇ ಆಕೆ ಹೊಸದನ್ನು ಕತ್ತರಿಸುವುದು.

"ಸರಿಯಾಗಿ ಕುಂತಿದ್ದು ಒಂದೂ ಇಲ್ಲಕ್ಕಾ," ಅಂದಳು ಶಿವಗಂಗಾ.

ನಾಗಲಿಂಗಮ್ಮ ಟೇಪು ಹುಡುಕಿ ತೆಗೆದು, ಅವಳನ್ನು ಸೈಕಲ್ ಮೇಲೆ ಕೂರಿಸಿಯೇ ಅಳತೆ ತೆಗೆದಳು. ಪ್ಯಾಂಟು ಹೇಳಿ ಮಾಡಿಸಿದಂತೆ ಕೂತಿತು. ಶಿವಗಂಗಾ ಅಂಥದ್ದೇ ಇನ್ನೊಂದು ಹೊಲಿಸಿ, ಅಂಗಡಿಯ ಮೊಳೆಗೆ ತೂಗುಹಾಕಿದಳು.

"ನನ್ನಂಥ ಮೈಯಾಕಿ ಯಾರರ ಬಂದ್ರ ಅಳತಿಗಿರ್ಲಿ. ನನ್ನ ನಂಬರೂ ಕೊಡ್ರಿ, ಸೈಕಲ್ ಮ್ಯಾಲೆ ಜೋಡಿಲೆ ಹೋಗಾಕ."

ಎರಡು ವರ್ಷವಾಯಿತು. ಬ್ಲೌಸಿನ ನೆಪ ಮಾಡಿಕೊಂಡು ಬಂದು ಅವಳು ಮೊದಲು ಮೊಳೆಯ ಕಡೆಗೇ ನೋಡುತ್ತಾಳೆ. ಈಗೀಗ ದೂರದಲ್ಲಿ ಅವಳ ಸೈಕಲ್ ಕಂಡರೆ ಸಾಕು, ನಾಗಲಿಂಗಮ್ಮ ಎದ್ದುಹೋಗಿ ಆ ಪ್ಯಾಂಟಿನ ಧೂಳು ಕೊಡವಿಬಿಡುತ್ತಾಳೆ.