ಹಿಂದಕ್ಕೆ ಸರಿಯದ ರಾಣಿಯ ಗಾಡಿ

ಬೈಲಹೊಂಗಲದ ಪೇಟೆಯಲ್ಲಿ ಆಗಸ್ಟ್ ಹದಿನೈದರ ಮೆರವಣಿಗೆಗೆ ಎತ್ತು ಹೂಡುತ್ತಿರಲಿಲ್ಲ. ಕಿತ್ತೂರ ರಾಣಿಯ ಗಾಡಿ ಎಳೆಯುವವರು ಹಮಾಲರು, ಅಂದರೆ ನಾವು. ವರ್ಷವಿಡೀ ಬೆನ್ನ ಮೇಲೆ ಶೇಂಗಾದ ಚೀಲ, ಅದೊಂದು ದಿನ ಹೆಗಲ ಮೇಲೆ ಹಗ್ಗ. ಗಾಡಿಯಲ್ಲಿ ಕಟ್ಟಿಗೆಯ ಕುದುರೆ, ಅದರ ಮೇಲೆ ಕನ್ಯಾಶಾಲೆಯ ಹುಡುಗಿ, ಕೈಯಲ್ಲಿ ತಗಡಿನ ಕತ್ತಿ. ಗಾಡಿ ಯಾರ ಮನೆಯ ಮುಂದೆ ನಿಲ್ಲುತ್ತದೋ ಅವರು ಗಾಲಿಗೆ ನೀರು ಹಾಕಿ ಆರತಿ ಬೆಳಗುತ್ತಿದ್ದರು. ಎಲ್ಲಿ ನಿಲ್ಲಬೇಕು ಅನ್ನುವುದು ಮುಂದಿನ ಹಗ್ಗ ಹಿಡಿದವನ ಹಕ್ಕು. ಮುಂದೆ ಹೋದ ಗಾಡಿಯನ್ನು ಮಾತ್ರ ಹಿಂದಕ್ಕೆ ತಳ್ಳುವಂತಿಲ್ಲ. ರಾಣಿ ಹಿಂದೆ ಸರಿಯಬಾರದು ಎಂದು ಹಿರಿಯರು ಹಾಕಿದ ಕಟ್ಟಳೆ.

ಶೇಂಗಾ ದಲಾಲಿಯ ಅಡತಿ ಅಂಗಡಿಯ ಒಬ್ಬ ಸಾಹುಕಾರನ ಮನೆಯ ಮುಂದೆ ಗಾಡಿ ಪ್ರತಿ ವರ್ಷ ನಿಲ್ಲುತ್ತಿತ್ತು. ನಾನು ಹೆಚ್ಚಾಗಿ ದುಡಿಯುತ್ತಿದ್ದದ್ದೂ ಅವನ ಅಂಗಡಿಯಲ್ಲೇ. ಒಂದು ವರ್ಷ ಮೆರವಣಿಗೆ ಮುಗಿದ ಮೇಲೆ ಅವನ ಮನೆಯ ಕಟ್ಟೆಯ ಹತ್ತಿರ ಬುಂದೆ ಹಂಚುತ್ತಿದ್ದರು. ಜಿಟಿಜಿಟಿ ಮಳೆ. ಕಾಲೆಲ್ಲ ಎರೆಮಣ್ಣು. ಹೆಂಡತಿ, ಮಗಳು ಜೊತೆಗಿದ್ದರು. ಕಟ್ಟೆಯ ತುದಿಯಲ್ಲಿ ಜಾಗ ಕಂಡು ಕುಳಿತೆ. ನಡುವೆ ತಹಶೀಲ್ದಾರರು, ಮಾಸ್ತರರು ಕುಳಿತಿದ್ದರು.

"ಲೇ, ಇಳಿ ಕೆಳಗ!" ಎಂದ ಸಾಹುಕಾರ. "ನಾಕನೇ ಇಯತ್ತಾ ಬಿಟ್ಟಾಂವ ಸಾಹೇಬ್ರ ಸರೀಕ ಕುಂಡ್ರತಿ ಏನ? ಅಲ್ಲೇ ಗಟಾರದ ಕಡೆ ನಿಂತು ತಿನ್ನು."

ಜನ ನಕ್ಕರು. ನಾನು ಇಳಿದೆ. ಮನೆಗೆ ಹೋಗುವಾಗ ಮಗಳು ಕೇಳಿದಳು, "ಅಪ್ಪಾ, ಅಂವಾ ಅಂದಕೂಡ್ಲೆ ಯಾಕ ಇಳದಿ?" ಕೈಯಲ್ಲಿದ್ದ ಬುಂದೆಯನ್ನು ದಾರಿಯಲ್ಲಿ ಕಂಡ ನಾಯಿಗೆ ಹಾಕಿದೆ.

ಸಾಲಿ ಬಿಟ್ಟದ್ದು ನನ್ನ ಹುಚ್ಚಿನಿಂದಲ್ಲ. ಅಪ್ಪ ಸತ್ತ ವರ್ಷ ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು. ಅಂದಿನಿಂದ ಯಾರ ಮುಂದೂ ಕೈ ಒಡ್ಡದೆ ಬದುಕಿದವನು ನಾನು. ಅವನ ಆ ಮಾತನ್ನು ವರ್ಷವಿಡೀ ಹೊತ್ತೆ. ಅವನ ಚೀಲ ಹೊರುವಾಗಲೂ ಹೊತ್ತೆ. ಚೀಲವನ್ನಾದರೂ ಸಂಜೆಗೆ ಇಳಿಸಬಹುದಿತ್ತು.

ಮರುವರ್ಷ ದೇವರು ಕಣ್ಣು ತೆರೆದ. ಮುಂದಿನ ಹಗ್ಗ ಹಿಡಿಯುತ್ತಿದ್ದ ಮುದುಕನ ಸೊಂಟ ಹಿಡಿದುಕೊಂಡಿತ್ತು. "ಈ ಸಲ ನೀ ಹಿಡಿ" ಎಂದು ಹಗ್ಗವನ್ನು ನನಗೆ ಕೊಟ್ಟ.

ಹದಿನೈದರ ಮುಂಜಾನೆ ಚಹಾದಂಗಡಿಯಲ್ಲಿ ಜೊತೆಗಾರರಿಗೆ ಹೇಳಿದೆ: "ಇವತ್ತ ಸಾವಕಾರನ ಮನಿ ಮುಂದ ಗಾಡಿ ನಿಲ್ಲೂದಿಲ್ಲ."

ನನ್ನ ಹಿಂದಿನ ಹಗ್ಗದವನು ನಮ್ಮ ಓಣಿಯ ಸಾಬ, ಸಣ್ಣಂದಿನ ಗೆಳೆಯ. ಬಸಿಯಲ್ಲಿ ಚಹಾ ಊದುತ್ತ ಅಂದ, "ದೋಸ್ತ, ನಾಳೆ ಅವನ ಅಂಗಡಿಗೆ ಹೋಗೂದಿಲ್ಲೇನ? ರೊಟ್ಟಿ ಯಾರ ಕೊಡ್ತಾರ, ರಾಣಿ ಕೊಡ್ತಾಳ?"

"ನೀ ಎಳೀತಿ ಇಲ್ಲಾ, ಅಷ್ಟ ಹೇಳು."

"ಎಳೀತೇನೋ ಮಾರಾಯಾ. ಹೋದ ವರ್ಷದ ಬುಂದೆ ನನಗೂ ಇನ್ನಾ ಗಂಟಲ ಇಳದಿಲ್ಲ."

ಈ ಸಲವೂ ಜಿಟಿಜಿಟಿ ಮಳೆ, ಆದರೂ ಆ ದಿನದ ಮೆರವಣಿಗೆಯ ಸೊಗಸೇ ಬೇರೆ. ಮುಂದೆ ಕರಡಿ ಮಜಲಿನ ವಾದ್ಯದವರು, ಅವರ ಹಿಂದೆ ಲೇಜಿಮ್ ಆಡುವ ಹುಡುಗರು, ಟೊಪ್ಪಿಗೆ ತೊಟ್ಟ ಮುದುಕರು. ನಮ್ಮ ಓಣಿಯ ಹೆಂಗಸರು ಮಾಳಿಗೆ ಏರಿ ಚುರುಮುರಿ ಎರಚುತ್ತಿದ್ದರು. "ಹಗ್ಗ ಜಗ್ರೋ, ಮುಂಜಾನಿ ರೊಟ್ಟಿ ತಿಂದಿಲ್ಲೇನ?" ಎಂದು ನನ್ನ ಹೆಂಡತಿಯೇ ಮೇಲಿನಿಂದ ಕೂಗಿದಾಗ ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಒಂದೇ ಮನೆ ಕಾಣುತ್ತಿತ್ತು.

ಸಾಹುಕಾರ ಆ ವರ್ಷ ಜೋರು ತಯಾರಿ ಮಾಡಿದ್ದ. ಕಟ್ಟೆಗೆ ತಳಿರು, ತಹಶೀಲ್ದಾರರಿಗೆ ಕುರ್ಚಿ, ಬೆಳಗಾವಿಯಿಂದ ಬಂದ ಫೋಟೋದವ. ಹೊಸ ಧೋತರ ಉಟ್ಟು, ಬೆಳ್ಳಿ ತಾಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಗಾಡಿ ಹತ್ತಿರ ಬಂತು. ಅವನ ಮುಖವನ್ನೇ ನೋಡುತ್ತ ಹಗ್ಗವನ್ನು ಇನ್ನಷ್ಟು ಜಗ್ಗಿದೆ.

"ನಿಲ್ಲಸಲೇ! ಏ, ನಿಲ್ಲಸು!"

ಕಿವಿ ಕೇಳದವನಂತೆ ನಡೆದೆ. ಗಾಲಿ ಅವನ ಬಾಗಿಲು ದಾಟಿತು. ತಾಟಿನೊಡನೆ ಕಟ್ಟೆಯಿಂದ ಇಳಿದು ಬರಿಗಾಲಲ್ಲಿ ಕೆಸರು ತುಳಿಯುತ್ತ ಓಡಿಬಂದ. ಊದಿನಕಡ್ಡಿ ನೆನೆದು ಆರಿತ್ತು.

"ಕಣ್ಣ ಕಾಣೂದಿಲ್ಲೇನ ನಿನಗ? ಹಿಂದಕ್ಕ ತಗೊಂಡು ನಡಿ!"

"ಹೆಂಗ್ ತರೂದ್ರಿ ಸಾವಕಾರ್ರ?" ಎಲ್ಲರಿಗೂ ಕೇಳುವಂತೆ ಅಂದೆ. "ರಾಣಿ ಇಂಗ್ಲಿಷರಿಗೇ ಹಿಂದ ಸರೀಲಿಲ್ಲ. ನಿಮ್ಮ ಸಲುವಾಗಿ ಸರೀಬೇಕ?"

ಗಾಡಿಯ ಮೇಲಿನ ಹುಡುಗಿಗೆ ಇದೂ ನಾಟಕದ ಭಾಗ ಅನ್ನಿಸಿತೋ ಏನೋ, ತಗಡಿನ ಕತ್ತಿ ಎತ್ತಿ "ಮುಂದ ನಡೀರಿ!" ಎಂದು ಕಿರುಚಿದಳು. ಚಪ್ಪಾಳೆ, ಸೀಟಿ. ಕರಡಿಯವರು ಮತ್ತೊಂದು ಸುತ್ತು ಬಡಿದರು.

ಮುಂದಿನ ಮನೆಗಳಾಚೆ ಗೆಳೆಯನ ತಾಯಿಯ ಗುಡಿಸಲು. ಕೌದಿ ಹೊಲಿದು ಬದುಕುತ್ತಿದ್ದ ಮುದುಕಿ. ಅಲ್ಲಿ ಹಗ್ಗ ಸಡಿಲು ಬಿಟ್ಟೆ. ಗಾಡಿ ನಿಂತದ್ದು ಕಂಡು ಅವಳು ಗಾಬರಿಯಾದಳು.

"ಯಾ ಅಲ್ಲಾ! ಆರತಿ ಎಲ್ಲಿಂದ ತರಲಿ ಬೇಟಾ?"

"ಇದ್ದದ್ದು ತಗೊಂಬಾ, ಅಮ್ಮಾ."

ಒಂದು ತಂಬಿಗೆ ನೀರು ಗಾಲಿಗೆ ಹಾಕಿದಳು. ಮಣ್ಣಿನ ಬಟ್ಟಲಿನ ಕೆಂಡಕ್ಕೆ ಲೋಬಾನ ಉದುರಿಸಿ ಹೊಗೆಯನ್ನು ರಾಣಿಗೆ ಬೆಳಗಿದಳು. ಅಷ್ಟರಲ್ಲಿ ತಹಶೀಲ್ದಾರರು ಕುರ್ಚಿ ಬಿಟ್ಟು ಹಾರ ಹಿಡಿದು ಅಲ್ಲಿಗೇ ನಡೆದುಬಂದರು. ಬೆನ್ನಿಗೆ ಫೋಟೋದವ. ಹುಡುಗಿಗೆ ಹಾರ ಹಾಕಿ, ಮುದುಕಿಯನ್ನೂ ನಮ್ಮನ್ನೂ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಸಾಹುಕಾರ ಜನರ ಹಿಂದೆ ತಾಟು ಹಿಡಿದು ನಿಂತಿದ್ದ. ಯಾರೂ ಅವನನ್ನು ಮುಂದೆ ಕರೆಯಲಿಲ್ಲ. ಅವನ ಕಣ್ಣು ನನ್ನ ಮೇಲೆಯೇ ಇತ್ತು, ನಾನೂ ರೆಪ್ಪೆ ಮಿಟುಕಿಸಲಿಲ್ಲ.

ಮರುದಿನ ಅವನ ಅಂಗಡಿಯ ಬಾಗಿಲು ನನಗೆ ಮುಚ್ಚಿತು. ಉಳಿದ ಅಡತಿಯವರಿಗೂ ಹೇಳಿ ಕಳಿಸಿದ್ದ. ಹೆಂಡತಿ ಒಲೆಯ ಮುಂದೆ ಕುಳಿತು ಕೇಳಿದಳು, "ಸಿಟ್ಟೇನೋ ತೀರಿಸ್ಕೊಂಡ್ರಿ. ಇನ್ನ ಮುಂದ ಹೆಂಗ್ರಿ?"

"ಭುಜಾ ಅವಂದಲ್ಲ, ನಂದು" ಎಂದೆ. ಬುತ್ತಿ ಕಟ್ಟಿಕೊಂಡು ನವಿಲುತೀರ್ಥದ ಕಡೆಗೆ ಕಾಲುವೆ ಕೆಲಸಕ್ಕೆ ಹೋದೆ. ಆ ಸುಗ್ಗಿಯೆಲ್ಲ ಮಣ್ಣು ಹೊತ್ತೆ. ಬಿಸಿಲಿಗೆ ತಲೆ ಕಾದಾಗ ನೆನೆದ ಧೋತರದ ಸಾಹುಕಾರನನ್ನು ನೆನೆಯುತ್ತಿದ್ದೆ, ಬುಟ್ಟಿ ಹಗುರಾಗುತ್ತಿತ್ತು. ಕ್ಷಮಿಸಿಬಿಡು ಎಂದು ಅನೇಕರು ಹೇಳಿದರು. ಆತ ಸತ್ತಾಗಲೂ ಹೇಳಿದರು. ಅವನ ಮಣ್ಣಿಗೂ ಹೋಗಲಿಲ್ಲ ನಾನು.